ಮುಳುಗದೆ ಉಳಿದ ಕೈ

ನೂಲಿಗೆ ಬಣ್ಣ ಹಾಕುವುದರಲ್ಲಿ ಬಣ್ಣದಮ್ಮನನ್ನು ಮೀರಿಸುವವರು ಆ ಸುತ್ತಮುತ್ತ ಯಾರೂ ಇರಲಿಲ್ಲ. ಹನ್ನೆರಡನೇ ವಯಸ್ಸಿಗೆ ಹಂಡೆಯ ಮುಂದೆ ಕೂತವಳು, ಅರವತ್ತು ದಾಟಿದರೂ ಎದ್ದಿರಲಿಲ್ಲ. ಉಗುರಿನ ಸಂದಿಯಲ್ಲಿ ಒಂದು ದಿನ ಕೆಂಪು, ಇನ್ನೊಂದು ದಿನ ಹಸಿರು. ನೂಲಿನ ಲಡಿ ಬಣ್ಣದಲ್ಲಿ ಪೂರ್ತಿ ಮುಳುಗಬೇಕು ಎಂಬುದು ಅವಳ ಕಸುಬಿನ ಕಟ್ಟಳೆ. ಬೆರಳಗಲ ನೂಲು ಹೊರಗುಳಿದರೂ ಸಾಕು, ಬಟ್ಟೆಯ ಮೈತುಂಬ ತೊನ್ನಿನಂತೆ ಬಿಳಿ ಮಚ್ಚೆ.

ಯೇಸುವೊಬ್ಬನೇ ಮುಕ್ತಿಗೆ ದಾರಿ, ಒಳದಾರಿ ಅಡ್ಡದಾರಿ ಯಾವುದೂ ಇಲ್ಲ ಎಂಬ ಮಾತು ಅವಳ ಎದೆಗೆ ನಾಟಿ ಒಂದು ವರ್ಷವಾಗಿತ್ತು. ಪಾಸ್ಟರ್ ಹೊಳೆಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಮಾಡಿಸಿದ ಬೆಳಿಗ್ಗೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒದ್ದೆ ಬಟ್ಟೆಯಲ್ಲೇ ದಡದ ಮೇಲೆ ಎರಡು ಸುತ್ತು ಕುಣಿದಳು. ಮೊದಲೇ ದೀಕ್ಷೆ ಪಡೆದಿದ್ದ, ಅವಳ ಕೈಹಿಡಿದ ಯಜಮಾನರು ಒಣಬಟ್ಟೆ ಹಿಡಿದು ನಿಂತಿದ್ದವರು ಮೆಲ್ಲಗೆ ಕಡ್ಡಿ ಆಡಿಸಿದರು.

"ಎಲ್ಲಾ ಸರಿ ಕಣೇ. ಬಲಗೈ ಮಾತ್ರ ಮುಳುಗಲಿಲ್ಲ. ಪಾಸ್ಟರ್ ಅಂಗಿ ತೋಳು ಹಿಡ್ಕೊಂಡು ಮೇಲೇ ಇತ್ತು."

ಬಣ್ಣದಮ್ಮ ಗಕ್ಕನೆ ನಿಂತು ಕೈ ತಡವಿಕೊಂಡಳು. ಮೊಣಕೈವರೆಗೆ ಒಣಒಣ.

"ಅಯ್ಯೋ, ನಾನು ಅರ್ಧಂಬರ್ಧ ಆದೆ."

"ಮುಕ್ಕಾಲಿಗಿಂತ ಜಾಸ್ತೀನೇ ಆಗಿದೆ. ಕೈಯೊಂದನ್ನ ಸ್ವರ್ಗದ ಬಾಗಿಲಾಚೆ ಬಿಟ್ಟು ಒಳಗೆ ಹೋಗ್ತೀಯ, ಅಷ್ಟೆ."

"ನಿಮಗೆ ಆಟ. ದಾರಿ ಇರೋದೇ ಒಂದು. ಅದರಲ್ಲೇ ಎಡವಟ್ಟಾದ್ರೆ ನಾನು ಇನ್ನೆಲ್ಲಿಗೆ ಹೋಗ್ಲಿ?"

ದಡದ ಕಲ್ಲಿನ ಮೇಲೆ ಕೂತು ತಲೆ ಒರೆಸಿಕೊಳ್ಳುತ್ತಿದ್ದ ಪಾಸ್ಟರ್ ಎದುರು ಹೋಗಿ ನಿಂತಳು.

"ಪಾಸ್ಟರೇ, ಇನ್ನೊಂದ್ಸಲ ಅದ್ದಿ."

"ದೀಕ್ಷಾಸ್ನಾನ ಒಂದೇ ಸಲ ಅಮ್ಮ."

"ಸರಿಯಾಗಿ ಅದ್ದಿದ್ರೆ ಒಂದೇ ಸಲ. ನನ್ನ ಹತ್ರ ಕೆಲಸಕ್ಕೆ ಬಂದವರು ಹೀಗೆ ಅದ್ದಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದೆ."

ಪಾಸ್ಟರ್ ನಗು ತಡೆದುಕೊಂಡರು. "ನಿಮ್ಮನ್ನ ಉಳಿಸಿದ್ದು ನೀರಾ, ಯೇಸುವಾ?"

"ಆತನೇ."

"ಆತನ ಪಕ್ಕದ ಶಿಲುಬೆ ಮೇಲೆ ಒಬ್ಬ ಕಳ್ಳ ಇದ್ದ. ನನ್ನನ್ನ ನೆನಪಿಟ್ಕೋ ಅಂದ. ಇವತ್ತೇ ನನ್ನ ಜೊತೆ ಸ್ವರ್ಗದಲ್ಲಿ ಇರ್ತೀಯ ಅಂತ ಆತ ಮಾತು ಕೊಟ್ಟ. ಅವನು ಯಾವ ಹೊಳೆಗೆ ಇಳಿದಿದ್ದ ಹೇಳಿ? ದಾರಿ ಆತನೇ ಅಮ್ಮ. ಆ ದಾರಿ ಹಿಡಿದಿದ್ದೀನಿ ಅಂತ ನಾಲ್ಕು ಜನರ ಮುಂದೆ ಹೇಳೋದಕ್ಕೆ ನೀರು."

"ಒಂದು ತೊಟ್ಟೂ ತಾಗಲಿಲ್ವಾ ಅವನಿಗೆ?"

"ಒಂದು ತೊಟ್ಟೂ ಇಲ್ಲ."

ಬಣ್ಣದಮ್ಮ ಈ ಮಾತನ್ನು ಒಳಗೇ ಮಗುಚಿ ಹಾಕಿ ನೋಡಿದಳು. ಎಲ್ಲೂ ಮಚ್ಚೆ ಕಾಣಲಿಲ್ಲ. ಹೊಟ್ಟೆಯ ತಳದಿಂದ ನಗು ಉಕ್ಕಿ ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ತುಂಬಿತು. ನಗುತ್ತಲೇ ತಿರುಗಿ ಮತ್ತೆ ಹೊಳೆಯತ್ತ ಹೊರಟಳು.

ಪಾಸ್ಟರ್ ದಡಬಡ ಎದ್ದರು. "ಇನ್ನೂ ಅನುಮಾನವಾ ಅಮ್ಮ?"

"ಅನುಮಾನವೆಲ್ಲ ತೊಳೆದುಹೋಯ್ತು. ಇದು ಮುಕ್ತಿಗಲ್ಲ, ಖುಷಿಗೆ," ಎಂದವಳೇ ಯಜಮಾನರ ರಟ್ಟೆ ಹಿಡಿದು ಎಳೆದಳು.

"ಏಯ್, ಚಪ್ಪಲಿನಾದ್ರೂ ಬಿಡ್ತೀನಿ ತಡಿಯೇ," ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಇಬ್ಬರೂ ಸೊಂಟಮಟ್ಟ ನೀರಿನಲ್ಲಿದ್ದರು.