ಕಿವಿಗೆ ಬಿಟ್ಟ ಬೆಳ್ಳುಳ್ಳಿ ಎಣ್ಣೆ

ಮೊನ್ನೆ ನನ್ನ ಹದಿಮೂರರ ಮಗ ಕಿವಿನೋವು ಎಂದಾಗ ಅವ್ವ ಎಣ್ಣೆಯಲ್ಲಿ ಬೆಳ್ಳುಳ್ಳಿ ಎಸಳು ಕಾಯಿಸಿದಳು. ಆ ವಾಸನೆಗೆ, ನಾನು ಬೆಳೆದ ಚಿತ್ತವಾಡ್ಗಿಯ ಪಕ್ಕದ ಮನೆಯ ಅಣ್ಣ ನೆನಪಾದ. ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ. ಆದರೆ ವಾಸನೆಯೊಂದಿಗೆ ವಾದ ಮಾಡಲಾಗಲಿಲ್ಲ…

ಅಣ್ಣ ಪಿಯುಸಿ ಓದುತ್ತಿದ್ದ. ಅದೇ ಕಾಲೇಜಿನಲ್ಲಿ ನಾನು ಅವನಿಗಿಂತ ಒಂದು ವರ್ಷ ಹಿಂದೆ. ಮುಟ್ಟದೆ ಮಾತಾಡಲು ಅವನಿಗೆ ಬರುತ್ತಿರಲಿಲ್ಲ. ನಡೆಯುವಾಗ ನಮ್ಮ ಕಿರುಬೆರಳಿಗೆ ತನ್ನ ಕಿರುಬೆರಳು ಸಿಕ್ಕಿಸುತ್ತಿದ್ದ. ಖುಷಿಯಾದರೆ ಬೆನ್ನಿಗೆ ಗುದ್ದುತ್ತಿದ್ದ. ನಮ್ಮೂರ ಹುಡುಗರೆಲ್ಲ ಹಾಗೇ. ಅಪ್ಪುಗೆ ಎಲ್ಲಿ ಮುಗಿದು ಏಟು ಎಲ್ಲಿ ಶುರುವಾಯಿತೆಂದು ಯಾರೂ ನೋಡುತ್ತಿರಲಿಲ್ಲ.

ಆ ವರ್ಷ ಅಣ್ಣನ ತರಗತಿಗೆ ಕಾರ್ಖಾನೆಯ ಅಧಿಕಾರಿಯೊಬ್ಬರ ಮಗ ಬಂದ. ದೂರದ ಬೋರ್ಡಿಂಗ್ ಶಾಲೆಯಲ್ಲಿ ಬೆಳೆದವನು. ಬೆರಳು ಹಿಡಿದರೆ ಕೈ ಎಳೆದುಕೊಳ್ಳುತ್ತಿದ್ದ. ಅಣ್ಣನಿಗೆ ಅವನೆಂದರೆ ಬಹಳ ಪ್ರೀತಿ. ‘ನಾಚಿಕಿ ಐತಲೇ ಅವಂಗ, ಬಿಡಿಸ್ತೀನಿ’ ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಕಾಲುವೆಯ ಏರಿಯ ಮೇಲೆ ಆ ಹುಡುಗ ನಮ್ಮ ಮುಂದೆ ಹೋಗುತ್ತಿದ್ದ. ಅಣ್ಣ ಹಿಂದಿನಿಂದ ಓಡಿ, ಕುತ್ತಿಗೆಗೆ ತೋಳು ಬಿಗಿದು, ಬೆನ್ನಿಗೊಂದು ಗುದ್ದಿದ. ಅವನು ತಿರುಗಿ ಅಂಗೈ ಬೀಸಿ ಕಿವಿಗೆ ಬಾರಿಸಿದ. ಅಣ್ಣ ಕುಸಿದು ಕೂತ. ಹೊಡೆದವನ ಮುಖದಲ್ಲಿದ್ದದ್ದು ಸಿಟ್ಟೋ, ಭಯವೋ… ಈಗ ಭಯ ಎನಿಸುತ್ತದೆ. ಆಗ ಏನು ಕಂಡೆನೋ. ಅಣ್ಣ ಮಾತ್ರ ನಕ್ಕ.

‘ನೋಡ್ಲೇ, ಇವತ್ತ ನಮ್ಮಾಂವ ಆದ.’

ದವಾಖಾನೆಗೆ ಹೋಗೋಣ ಎಂದೆ.

‘ಬ್ಯಾಡಲೇ. ಡಾಕ್ಟ್ರು ಯಾರ್ ಹೊಡೆದ್ರು ಅಂತಾರ. ದೋಸ್ತಿ ಏಟಿಗೆ ಕಂಪ್ಲೇಂಟ್ ಏನು?’

ಹರಿದದ್ದು ಕಿವಿಯ ತಮಟೆ ಎಂದು ತಿಳಿಯದ ಅವನ ತಾಯಿ ದಿನವೂ ಬೆಳ್ಳುಳ್ಳಿ ಎಣ್ಣೆ ಬಿಟ್ಟರು. ಕೀವಾಯಿತು. ಆ ಕಿವಿ ಹೋಯಿತು. ಹೊಡೆದ ಹುಡುಗ ಮತ್ತೆಂದೂ ಹತ್ತಿರ ಬರಲಿಲ್ಲ. ಅಣ್ಣ ಕಾದ… ಆಮೇಲೆ ನಮ್ಮೊಂದಿಗೆ ನಡೆಯುವಾಗ, ಕೇಳುವ ಕಿವಿ ನಮ್ಮ ಕಡೆಗಿರಲೆಂದು ಮಗ್ಗುಲು ಬದಲಿಸುತ್ತಿದ್ದ. ಕಿರುಬೆರಳು ಮಾತ್ರ ಬಿಡುತ್ತಿರಲಿಲ್ಲ. ನನ್ನ ಯಾವ ಕೈಯ ಬೆರಳು ಅದು ಎಂದು ಈಗ ಹೇಳಲಾರೆ.

ಕೆಲವು ವರ್ಷಗಳ ಬಳಿಕ ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ಬಡಿದು ಅಣ್ಣ ಸತ್ತ. ಹಾರ್ನ್ ಕೇಳಿಸಲಿಲ್ಲ ಎಂದರು ಜನ. ಲಾರಿ ಯಾವ ಕಡೆಯಿಂದ ಬಂತೆಂದು ನಾನು ಯಾರನ್ನೂ ಕೇಳಲಿಲ್ಲ.

ಅಷ್ಟರಲ್ಲಿ ಅವ್ವ ಎಣ್ಣೆ ಆರಿಸಿ ತಂದಳು.

‘ಕಿವಿಗೆ ಏನಾತೋ?’ ಎಂದೆ ಮಗನಿಗೆ.

‘ಏನಿಲ್ಲಪ್ಪ. ದೋಸ್ತ್ ಒಂದ್ ಬಿಟ್ಟ, ಆಟಕ್ಕ’ ಎಂದು ನಕ್ಕ.

ಅವ್ವನ ಕೈಯಿಂದ ಬಟ್ಟಲು ತೆಗೆದು ಬಚ್ಚಲಿಗೆ ಸುರಿದೆ. ದವಾಖಾನೆಯ ಮೆಟ್ಟಿಲ ಬಳಿ, ಯಾಕೋ, ಮಗನತ್ತ ಕಿರುಬೆರಳು ಚಾಚಿದೆ. ಅದನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಸುಮ್ಮನೆ ನೋಡಿದ.