ಶೈಲಿನ್‌ಗೆ ಕೊಟ್ಟ ಇಪ್ಪತ್ತನೇ ಗಂಟೆ

ಶೈಲಿನ್ ನೇಪಿಯರ್ ನಾನೂ ದುಡಿಯುವ ದಿನಸಿ ಅಂಗಡಿಯ ಗಲ್ಲಾದಲ್ಲಿ ನಿಂತು ಊರವರ ಸರ್ಕಾರಿ ಆಹಾರ ನೆರವಿನ ಕಾರ್ಡುಗಳನ್ನು ಯಂತ್ರಕ್ಕೆ ಉಜ್ಜುತ್ತಿದ್ದಳು. ಅವಳ ಊಟ ಮಾತ್ರ ಪೊಟ್ಟಣದ ನೂಡಲ್ಸ್, ಅದೂ ಒಂದೇ ಹೊತ್ತು. ಕೆಂಟಕಿಯ ನಮ್ಮ ಗುಡ್ಡಗಳಲ್ಲಿ ಕಲ್ಲಿದ್ದಲ ದೂಳು ಕುಡಿದ ಗಣಿ ಮುದುಕರಿಗೇನು ಬರವಿಲ್ಲ. ಅವಳ ಅಜ್ಜ ಕೆಮ್ಮಿ ಕೆಮ್ಮಿಯೇ ಸತ್ತ. ಅಂಥವರಿಗೆ ಉಸಿರಾಟದ ಚಿಕಿತ್ಸೆ ಕೊಡುವುದನ್ನು ಅವಳು ಕಾಲೇಜಿನಲ್ಲಿ ಕಲಿಯುತ್ತಿದ್ದಳು. ಕೊನೆಯ ಸೆಮಿಸ್ಟರ್. ಮೊಂಡು ಹುಡುಗಿ, ಹಸಿವಾಗಿದೆ ಎಂದು ಯಾರ ಹತ್ತಿರವೂ ಬಾಯಿಬಿಟ್ಟವಳಲ್ಲ.

ಒಂದು ದಿನ ಗಲ್ಲಾದ ಹಿಂದೆಯೇ ಕಣ್ಣು ಕತ್ತಲೆಗಟ್ಟಿ ಕುಸಿದಳು. ನನ್ನ ಡಬ್ಬಿಯ ಬೀನ್ಸ್ ತಿನ್ನಿಸಿ, ನೆರವಿನ ಕಚೇರಿಗೆ ಎಳೆದುಕೊಂಡು ಹೋದೆ.

ಅಲ್ಲಿನ ಮಹಾತಾಯಿ ಕಾಗದ ತಿರುವಿ ಹಾಕಿದಳು. "ಕಾಲೇಜು ಓದ್ತಿದೀಯಲ್ಲಮ್ಮ. ಓದೋರು ವಾರಕ್ಕೆ ಇಪ್ಪತ್ತು ಗಂಟೆ ದುಡೀಬೇಕು. ನಿಂದು ಹತ್ತೊಂಬತ್ತೇ ಇದೆ."

"ಓದ್ದೇ ಇದ್ದಿದ್ರೆ?" ಎಂದೆ ನಾನು.

"ಆಗ ಈ ರೂಲೇ ಬರಲ್ಲ. ಕಾರ್ಡು ಸಿಕ್ಕಿರೋದು."

ಎಂಥ ಘನಂದಾರಿ ಬುದ್ಧಿ! ಪುಸ್ತಕ ಮುಟ್ಟಿದವರಿಗೆ ಹಸಿವೇ ಆಗುವುದಿಲ್ಲವೆಂದು ಇವರಿಗೆ ಹೇಳಿದವರು ಯಾರೋ. "ನಾಲ್ಕು ವಾರದ ಸಂಬಳದ ಚೀಟಿ ತಗೊಂಬನ್ನಿ, ಇಪ್ಪತ್ತು ಗಂಟೆ ಇರ್ಬೇಕು" ಎಂದು ಸಾಗಹಾಕಿದಳು.

ಮ್ಯಾನೇಜರ್ ಡ್ವೇನ್ ತಲೆ ಕೆರೆದುಕೊಂಡ. "ಗಂಟೆ ಹಂಚೋದು ನಾನಲ್ಲ ಒಲೀಟಾ, ಕಂಪ್ಯೂಟರು."

"ಅದಕ್ಕೆ ಹೊಟ್ಟೆ ಇಲ್ಲ, ನಿಂಗೆ ತಲೆ ಇಲ್ಲ. ಮಂಗಳವಾರ ಬೆಳಿಗ್ಗೆ ನಂದೊಂದು ಗಂಟೆ ಅವಳ ಹೆಸರಿಗೆ ಬರ್ಕೋ."

"ಬರ್ಕೊಳ್ಳೋಣ, ನಮ್ಮಪ್ಪಂದೇನು ಹೋಗತ್ತೆ?"

ಆರರಿಂದ ಏಳರವರೆಗಿನ ಗಂಟೆ ಅದು. ಏಳೂವರೆಗೆ ಅವಳು ಗುಡ್ಡದಾಚೆಯ ಆಸ್ಪತ್ರೆಯಲ್ಲಿ ಪ್ರಾಕ್ಟಿಕಲ್ಸ್‌ಗೆ ನಿಲ್ಲಬೇಕು.

"ಆಗತ್ತೇನೇ ಮಗಳೇ?"

"ಗಾಡಿ ಓಡಿಸ್ಕೊಂಡು ಹೋಗ್ತೀನಿ ಅತ್ತೆ, ನೀವು ಸುಮ್ನಿರಿ."

ಮೊದಲ ಮಂಗಳವಾರ ಗುಡ್ಡದ ದಾರಿಯಲ್ಲಿ ಕಲ್ಲಿದ್ದಲ ಲಾರಿ ಮುಂದೆ ಸಿಕ್ಕಿ ತೆವಳಿತು. ಎರಡನೆಯದರಲ್ಲಿ ಯಾರದೋ ಕಾರ್ಡು ಕೈಕೊಟ್ಟು ಸಾಲು ಬೆಳೆಯಿತು. ಎರಡು ಸಲವೂ ಆಸ್ಪತ್ರೆಗೆ ತಡ. ಮೂರನೆಯ ವಾರ ಐದೇ ನಿಮಿಷ ತಡ. ಮೂರು ಸಲ ತಡವಾದರೆ ಕೋರ್ಸಿನಿಂದಲೇ ಹೊರಗೆ, ಅದು ಕಾಲೇಜಿನ ರೂಲು. ರೂಲು ಮಾಡುವುದರಲ್ಲಿ ಈ ದೇಶದವರನ್ನು ಮೀರಿಸುವವರುಂಟೇ?

ನಾಲ್ಕು ವಾರ ತುಂಬಿದ ಮೇಲೆ ಚೀಟಿಗಳನ್ನು ಹಿಡಿದು ನೆರವಿನ ಕಚೇರಿಗೆ ಹೋದೆವು. ಶೈಲಿನ್ ಸುಳ್ಳು ಹೇಳುವವಳಲ್ಲ, ಕಾಲೇಜಿನವರು ಹೊರಗೆ ಹಾಕಿದ್ದನ್ನು ಮೊದಲೇ ಹೇಳಿಬಿಟ್ಟಳು. ಮಹಾತಾಯಿ ಚೀಟಿಗಳನ್ನು ಬಿಡಿಸಿಯೂ ನೋಡದೆ ಹಿಂದಕ್ಕೆ ತಳ್ಳಿದಳು.

"ಇವೇನೂ ಬೇಕಿಲ್ಲಮ್ಮ. ನೀನೀಗ ಸ್ಟೂಡೆಂಟೇ ಅಲ್ವಲ್ಲ, ಕಾರ್ಡು ಸಿಗತ್ತೆ. ಒಳ್ಳೇದಾಯ್ತು ನೋಡು!"

ಅವಳನ್ನು ಉಗಿಯೋಣವೆಂದು ಬಾಯಿ ತೆರೆದೆ. ಆದರೆ ಆ ಮಂಗಳವಾರದ ಗಂಟೆ ಕೊಟ್ಟವಳು ನಾನು. ಚೀಟಿಗಳನ್ನು ಎತ್ತಿ ಚೀಲಕ್ಕೆ ತುರುಕಿದೆ.

"ಥ್ಯಾಂಕ್ಸ್ ಮೇಡಂ" ಎಂದಳು ಶೈಲಿನ್.