ಮೀನಿನ ಡಬ್ಬಿಯಲ್ಲಿ ಬಂದ ಹಾಲು

ಸಾವಂತ್ರಮ್ಮನಿಗೆ ಓದುಬರಹ ಬಾರದು. ಆದರೆ ಐಸಿನ ವಿಷಯದಲ್ಲಿ ಆಕೆಯನ್ನು ಮೀರಿಸುವವರು ಸಿರುಗುಪ್ಪದಲ್ಲಿ ಇರಲಾರರು. ಯಾವ ಐಸನ್ನು ಕುಟ್ಟಬೇಕು, ಯಾವುದನ್ನು ಗಡ್ಡೆಯಾಗಿಯೇ ಇಡಬೇಕು, ಸುತ್ತ ಎಷ್ಟು ಭತ್ತದ ಹೊಟ್ಟು ತುಂಬಿದರೆ ಬಳ್ಳಾರಿ ಮುಟ್ಟುವವರೆಗೆ ಕರಗುವುದಿಲ್ಲ ಎಂಬುದೆಲ್ಲ ಆಕೆಗೆ ಕೈಯ ತಿಳಿವಳಿಕೆ. ತುಂಗಭದ್ರೆಯ ಮೀನನ್ನು ಬಳ್ಳಾರಿ ಮಾರ್ಕೆಟ್ಟಿಗೆ ತಂದು ಮಾರುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದಾಳೆ. ಗಂಡ ಹೊಳೆಯಲ್ಲಿ ಬಲೆ ಬೀಸುತ್ತಿದ್ದವನು. ಆತ ಹೋದ ಮೇಲೆ ಬಲೆ ಮಾರಿದಳು, ಡಬ್ಬಿಗಳನ್ನು ಉಳಿಸಿಕೊಂಡಳು.

ನಾನು ಆಕೆಯನ್ನು ಮೊದಲು ಕಂಡದ್ದು ಹೋದ ವರ್ಷದ ಬೇಸಿಗೆಯಲ್ಲಿ. ಬಳ್ಳಾರಿಯ ಪಾರ್ವತಿನಗರದ ನಾವು ಮೂವರು ಹೆಂಗಸರು ರಾಯರ ಹೆಸರು ಹೇಳಿಕೊಂಡು ಪ್ರತಿ ಗುರುವಾರ ದೊಡ್ಡಾಸ್ಪತ್ರೆಯ ಹೊರಗೆ ಗಂಜಿ ಹಂಚುತ್ತೇವೆ. ಅಲ್ಲಿ ಬೇವಿನ ಮರದ ಕೆಳಗೆ ಕೂತವರ ಮಾತು ಕೇಳುತ್ತ ಕೂಡುವುದು ನನಗೆ ರೂಢಿ. ಮುಂದಿನದೆಲ್ಲ ನಾನು ಅಲ್ಲಿ ಕಂಡದ್ದು, ಕೇಳಿದ್ದು.

ಸಾವಂತ್ರಮ್ಮನ ಮನೆಯ ಹಿಂದಿನ ಓಣಿಯಲ್ಲಿ ಜ್ಯೋತಿ ಎಂಬ ಹುಡುಗಿಯ ತವರುಮನೆ. ಜ್ಯೋತಿಯನ್ನು ಕುರುಗೋಡಿಗೆ ಕೊಟ್ಟಿದ್ದರು. ಗಂಡ ಚನ್ನಬಸವರಾಜ ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಪ್ಯಾಂಟಿಗೆ ಜೇಬು ಹೊಲಿಯುವವನು, ಹೊಲಿದಷ್ಟಕ್ಕೆ ಕೂಲಿ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಜ್ಯೋತಿಗೆ ಏಳನೇ ತಿಂಗಳಲ್ಲೇ ನೋವು ಬಂತು. ಸಿರುಗುಪ್ಪದಲ್ಲಿ ಆಪರೇಷನ್ ಮಾಡಿ ಹೆಣ್ಣು ಕೂಸು ತೆಗೆದರು. ತೂಕ ಒಂದು ಕೇಜಿ ಇನ್ನೂರು ಗ್ರಾಂ. ಉಸಿರಾಟಕ್ಕೆ ಯಂತ್ರ ಬೇಕೆಂದು ಅವತ್ತೇ ಕೂಸನ್ನು ಅಪ್ಪನ ಜೊತೆ ಆಂಬುಲೆನ್ಸಿನಲ್ಲಿ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಜ್ಯೋತಿಯ ಹೊಲಿಗೆ ಕೀವಾಗಿ ಜ್ವರ ಏರಿ ಆಕೆ ಸಿರುಗುಪ್ಪದಲ್ಲೇ ಉಳಿದಳು. ತಾಯಿ ಒಂದೂರು, ಕೂಸು ಒಂದೂರು.

ಬಳ್ಳಾರಿಯಲ್ಲಿ ಪೌಡರ್ ಹಾಲು ಕೊಟ್ಟರೆ ಕೂಸಿನ ಹೊಟ್ಟೆ ಉಬ್ಬಿತು. ಅಲ್ಲಿನ ನರ್ಸ್ ಶ್ರೀವಲ್ಲಿ ಚನ್ನಬಸವರಾಜನನ್ನು ಕರೆದು ಹೇಳಿದಳು: "ಈ ಕೂಸಿಗೆ ತಾಯಿ ಹಾಲೇ ಔಷಧ. ಬಾಣಂತಿಗೆ ಕೊಡ್ತಿರೋ ಗುಳಿಗಿ ಚೀಟಿ ಡಾಕ್ಟ್ರು ನೋಡ್ಯಾರ, ಹಾಲು ಕೊಡಬಹುದಂತ. ಹೆಂಗರ ಮಾಡಿ ದಿನಾ ತರಿಸ್ರಿ. ಐಸಿನಾಗ ಬರಬೇಕು, ಬಿಸಿಲು ತಾಕಿದ್ರ ಬ್ಯಾಡ."

ಆತ ಸಿರುಗುಪ್ಪಕ್ಕೆ ಫೋನು ಮಾಡಿದ. ಜ್ಯೋತಿಯ ಅವ್ವ ಫೋನು ಹಿಡಿದೇ ಅಂಗಳದಲ್ಲಿ ಅತ್ತಳು. ಸಾವಂತ್ರಮ್ಮ ತನ್ನ ಹಿತ್ತಲ ಗೋಡೆಯ ಮೇಲಿಂದ ತಲೆ ಹಾಕಿದಳು.

"ಯಾಕಬೇ, ಕೂಸು ಹೋತೇನು?"

"ಇಲ್ಲವ್ವಾ. ಹಾಲು ಬೇಕಂತ. ಐಸಿನಾಗ ಇಟ್ಟು ಬಳ್ಳಾರಿಗೆ."

"ಇಷ್ಟಕ್ಕ ಅಳ್ತಿಯೇನು? ನನ್ನ ಮೀನ ಐದು ತಾಸು ತಡಕೋತಾವು. ಹಾಲು ಮೂರು ತಾಸು ತಡಿಯಂಗಿಲ್ಲೇನು?"

ಆಕೆಯ ಹತ್ತಿರ ಎರಡು ಥರ್ಮಾಕೋಲ್ ಡಬ್ಬಿಗಳಿದ್ದವು. ಹೊಸತನ್ನು ಸುಡುನೀರು ಸೋಪು ಹಾಕಿ ಮೂರು ಸಲ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದಳು. ಆಸ್ಪತ್ರೆಯವರು ಕೊಟ್ಟ ಪುಟ್ಟ ಬಾಟಲಿಗಳಲ್ಲಿ ಜ್ಯೋತಿ ಹಾಲು ಹಿಂಡಿಕೊಟ್ಟಳು; ಅವನ್ನು ಕವರಿನಲ್ಲಿ ಗಂಟು ಕಟ್ಟಿ ಐಸಿನ ನಡುವೆ ಇಟ್ಟಳು. ಆ ಡಬ್ಬಿಯನ್ನು ದೊಡ್ಡ ಬುಟ್ಟಿಯಲ್ಲಿ ಕೂರಿಸಿ ಸುತ್ತ ರೈಸ್ ಮಿಲ್ಲಿನ ಹೊಟ್ಟು ಒತ್ತಿ ತುಂಬಿದಳು. ಬೆಳಿಗ್ಗೆ ಐದಕ್ಕೆ ಎರ್ರಣ್ಣನ ಟೆಂಪೋದಲ್ಲಿ ಮೀನು ಹಿಂದೆ, ಆ ಬುಟ್ಟಿ ಆಕೆಯ ತೊಡೆಯ ಮೇಲೆ.

"ಏನಕ್ಕಾ, ಇವತ್ತು ಡಬ್ಬಿ ಉಡ್ಯಾಗ ಐತಿ. ಯಾವ ಮೀನ?" ಎಂದ ಎರ್ರಣ್ಣ.

"ಅಳೋ ಮೀನ. ನೀ ಗುಂಡಿ ನೋಡಿ ಹೊಡಿ."

ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ಮೂಗು ಮುಚ್ಚಿಕೊಂಡ. "ಮೀನಿನ ವಾಸನಿ ಬರ್ತೈತಿ, ಹೊರಗಿರಬೇ."

"ವಾಸನಿ ನನಗೈತಿ, ಹಾಲಿಗಿಲ್ಲ. ನಾ ಹೊರಗಿರ್ತೀನಿ, ನೀ ಸಿಸ್ಟರ್‌ನ ಕರಿ."

ಶ್ರೀವಲ್ಲಿ ಬಂದು ಕವರು ಬಿಚ್ಚಿ ಬಾಟಲಿ ಮುಟ್ಟಿ ನೋಡಿದಳು. ಬಾಟಲಿ ಕೈ ಕೊರೆಯುವಷ್ಟು ತಣ್ಣಗಿತ್ತು. ಮೂಗಿನ ನಳಿಕೆಯಲ್ಲಿ ಎರಡೆರಡು ಮಿಲಿಯಂತೆ ಕೂಸಿಗೆ ಕೊಟ್ಟರು. ಹೊಟ್ಟೆ ಉಬ್ಬಲಿಲ್ಲ.

ಚನ್ನಬಸವರಾಜ ಆರು ದಿನದಿಂದ ವಾರ್ಡಿನ ಬಾಗಿಲಿಗೇ ಅಂಟಿಕೊಂಡಿದ್ದ. ಅವನ ಮಿಷನ್ ಬೇರೆಯವರಿಗೆ ಕೊಡುತ್ತೇನೆಂದು ಮಾಲೀಕ ಫೋನು ಮಾಡಿದ್ದ. ಹೆಣ್ಣು ಕೂಸಿಗೆ ಇಷ್ಟು ಯಾಕೆ ಒದ್ದಾಡುತ್ತೀ, ಮನೆಗೆ ತಂದುಬಿಡು ಎಂದು ಬಂಧುಗಳೂ ಹೇಳಿದ್ದರು. ಸಾವಂತ್ರಮ್ಮ ತನ್ನ ಬುತ್ತಿಯ ರೊಟ್ಟಿ ಅವನ ಕೈಗಿಟ್ಟಳು.

"ನಿನ್ನ ಮಾರಿ ನೋಡಿ ಕೂಸು ತೂಕ ಆಗತೈತೇನಪ್ಪಾ? ಹೋಗಿ ನಿನ್ನ ಮಿಷನ್ ಮ್ಯಾಲೆ ಕುಂದ್ರು. ಮುಂಜಾನಿ ಹಾಲು ನಾ ಕೊಡ್ತೀನಿ. ಸಂಜಿಗೆ ನೀ ಬಾ."

"ನಿಮಗ ಏನರ ಕೊಡಬೇಕಲ್ಲಮ್ಮಾ."

"ಬರಾಕ ಎರ್ರಣ್ಣ ಅದಾನ, ಹೋಗಾಕ ಸರ್ಕಾರದ ಫ್ರೀ ಬಸ್ಸೈತಿ. ನಂದೇನು ಖರ್ಚು? ಮೊದಲ ಆ ರೊಟ್ಟಿ ತಿನ್ನು."

ಒಂಬತ್ತು ದಿನ ಹೀಗೆ ನಡೆಯಿತು. ಹತ್ತನೇ ದಿನದ ಹಿಂದಿನ ಸಂಜೆ ಚನ್ನಬಸವರಾಜನ ತಾಯಿ ಅಕ್ಕನಾಗಮ್ಮ ಕುರುಗೋಡಿನಿಂದ ಸಿರುಗುಪ್ಪಕ್ಕೆ ಬಂದಳು. ಲಿಂಗಪೂಜೆ ಆಗದೆ ನೀರು ಮುಟ್ಟದ ಹೆಂಗಸು. ಬೆಳಗಿನ ಜಾವ ಬುಟ್ಟಿ ತುಂಬುವುದನ್ನು ನೋಡಿ ಎದ್ದು ನಿಂತಳು.

"ಇದೇನಬೇ? ನಮ್ಮ ಮನಿ ಕೂಸಿನ ಹಾಲು ಮೀನಿನ ಡಬ್ಬ್ಯಾಗ?"

"ಡಬ್ಬಿ ತಿಕ್ಕೀನಿ ಯಕ್ಕಾ. ನಿಮ್ಮ ಅಡಗಿ ಮನಿಕಿಂತ ಸ್ವಚ್ಛ ಐತಿ."

"ನಮ್ಮ ಅಡಗಿ ಮನಿ ಸುದ್ದಿಗೆ ಬರಬ್ಯಾಡ. ಎದಿಹಾಲು ಹಿಂಗ ಕಂಡವರ ಕೈಯಾಗ ಊರ ಗಡಿ ದಾಟಿದ್ರ ಬತ್ತಿ ಹೋಗತೈತಿ. ಒಯ್ಯೋದಾದ್ರ ಮನಿಯವರು ಒಯ್ಬೇಕು. ನಾ ಒಯ್ತೀನಿ."

ಜ್ಯೋತಿ ಜ್ವರದಲ್ಲಿ ಮಲಗಿದ್ದಳು. ಅವಳ ಅವ್ವ ಬೀಗಿತ್ತಿಗೆ ಎದುರಾಡಲಾರದೆ ಬಾಟಲಿಗಳನ್ನು ಐಸಿನಿಂದ ತೆಗೆದುಕೊಟ್ಟಳು. ಅಕ್ಕನಾಗಮ್ಮ ಬಾಟಲಿಗಳ ಹಾಲನ್ನು ಬೆಳಗಿದ ಸ್ಟೀಲಿನ ಚೊಂಬಿಗೆ ಸುರಿದು, ವಿಭೂತಿ ಹಚ್ಚಿ, ಬಾಯಿಗೆ ಮಡಿಬಟ್ಟೆ ಕಟ್ಟಿ ಬಸ್ಸು ಹತ್ತಿದಳು. ನೆಟ್ಟಗೆ ಬಳ್ಳಾರಿಗೂ ಬರಲಿಲ್ಲ. ಕುರುಗೋಡಿನಲ್ಲಿ ಇಳಿದು, ದೊಡ್ಡ ಬಸವಣ್ಣನ ಮುಂದೆ ಚೊಂಬು ಇಟ್ಟು, ಮೊಮ್ಮಗಳ ಹೆಸರಿನಲ್ಲಿ ಪೂಜೆ ಮಾಡಿಸಿ, ಇನ್ನೊಂದು ಬಸ್ಸಿಗೆ ಕಾದು ಬಂದಳು. ಆಸ್ಪತ್ರೆ ಮುಟ್ಟಿದಾಗ ಹನ್ನೊಂದೂವರೆ. ಅವತ್ತು ಗುರುವಾರ. ಬಳ್ಳಾರಿಯ ಬಿಸಿಲು ಗಂಜಿಯ ಪಾತ್ರೆಯ ಹಿಡಿಕೆ ಮುಟ್ಟಗೊಡುತ್ತಿರಲಿಲ್ಲ.

ಶ್ರೀವಲ್ಲಿ ಬಟ್ಟೆ ಬಿಚ್ಚಿ ಮೂಸಿದಳು. "ಕೆಟ್ಟೈತ್ರಿ ಅಮ್ಮಾ. ಇದನ್ನ ಕೊಡಾಕ ಆಗಂಗಿಲ್ಲ."

"ಬಸವಣ್ಣನ ಮುಂದ ಇಟ್ಟು ತಂದೀನಿ," ಎಂದಳು ಅಕ್ಕನಾಗಮ್ಮ. ಅದೊಂದೇ ಮಾತನ್ನು ಮೂರು ಸಲ ಹೇಳಿದಳು. ಆಕೆಯ ಭಕ್ತಿಯಲ್ಲಿ ಹುಳುಕಿರಲಿಲ್ಲ, ಅದನ್ನು ನಾನು ಹೇಳಬಲ್ಲೆ. ಬೆಳಗಿನಿಂದ ಆಕೆಯೂ ಒಂದು ಹನಿ ನೀರು ಕುಡಿದಿರಲಿಲ್ಲ.

ಬೇರೆ ದಾರಿಯಿಲ್ಲದೆ ಪೌಡರ್ ಹಾಲು ಕೊಟ್ಟರು. ಮಧ್ಯಾಹ್ನಕ್ಕೆ ಹೊಟ್ಟೆ ಮತ್ತೆ ಉಬ್ಬಿತು, ಹಸಿರು ವಾಂತಿಯಾಯಿತು. ನಳಿಕೆಯಲ್ಲಿ ಕೊಡುವುದನ್ನೆಲ್ಲ ನಿಲ್ಲಿಸಿ ರಕ್ತನಾಳಕ್ಕೆ ಗ್ಲೂಕೋಸ್ ಹಚ್ಚಿದರು. ಮೂರು ದಿನ ಏನೂ ಹೇಳಲಾಗದು ಎಂದರು ಡಾಕ್ಟರು.

ಸಾವಂತ್ರಮ್ಮ ಮೀನನ್ನು ಮಾರ್ಕೆಟ್ಟಿನಲ್ಲಿ ಇಳಿಸಿ ಬಂದು, ಹಾಲಿನ ದಾರಿ ಕಾಯುತ್ತ ಬೆಳಿಗ್ಗೆಯಿಂದ ಅಲ್ಲೇ ಇದ್ದಳು. ಈಗ ಬೈಗುಳ ಶುರುವಾಗುತ್ತದೆ ಎಂದು ಮರದ ಕೆಳಗಿನವರೆಲ್ಲ ಇತ್ತ ತಿರುಗಿದರು. ಆಕೆ ಅಕ್ಕನಾಗಮ್ಮನ ಎದುರು ಕುಕ್ಕರಗಾಲಲ್ಲಿ ಕೂತಳು.

"ಬೈಬೇಕಂತಾನೇ ಬಂದೆ ಯಕ್ಕಾ. ನಿಮ್ಮ ಮಾರಿ ನೋಡಿ ಬ್ಯಾಡ ಅನಿಸ್ತು. ಬಸವಣ್ಣಗ ಕೈ ಮುಗೀರಿ, ನಾನೂ ಮುಗೀತೀನಿ. ಆತ ನೆಳ್ಳಾಗ ತಣ್ಣಗ ಕುಂತಾನ. ಹಾಲಿಗೆ ಐಸು ಬೇಕು. ನಾಳಿ ಐದಕ್ಕ ಟೆಂಪೋ ಹೊಂಡತೈತಿ."

"ಕುಡಿಯೋದೇ ನಿಂತೈತಲ್ಲ. ಯಾರಿಗೆ ತರ್ತಿ?"

"ಇವತ್ತು ಕುಡಿಲಿಲ್ಲಂದ್ರ ನಾಳಿ ಕುಡೀತೈತಿ. ನಾವಾ ಮುಗೀತು ಅಂದ್ರ ಕೂಸು ಏನು ಮಾಡಬೇಕು?"

ಸಂಜೆ ಸುದ್ದಿ ಕೇಳಿದ ಜ್ಯೋತಿ ಜ್ವರದ ದನಿಯಲ್ಲೇ ಫೋನಿನಲ್ಲಿ ಹೇಳಿದಳಂತೆ: "ಅತ್ತೀ, ಹಾಲು ನಂದು. ಯಾರ ಡಬ್ಬ್ಯಾಗ ಹೋಗಬೇಕು ಅನ್ನೋದನ್ನ ಇನ್ಮ್ಯಾಲೆ ನಾ ಹೇಳ್ತೀನಿ." ಮದುವೆಯಾದ ಮೇಲೆ ಅವಳು ಅತ್ತೆಗೆ ಆಡಿದ ಮೊದಲ ಎದುರುಮಾತು ಅದು. ಅಕ್ಕನಾಗಮ್ಮ ಫೋನನ್ನು ಮಗನ ಕೈಗೆ ಕೊಟ್ಟು, ಸಿರುಗುಪ್ಪದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು.

ಮರುದಿನ ಹಾಲು ಬಂತು. ಕೂಸು ಕುಡಿಯಲಿಲ್ಲ. ಅದರ ಮರುದಿನವೂ ಬಂತು. ಆ ದಿನಗಳಲ್ಲಿ ದೇವರ ಮುಂದೆ ಕೂತಾಗ ನಾನು ದೊಡ್ಡದೇನೂ ಬೇಡಲಿಲ್ಲ. ಎರ್ರಣ್ಣನ ಟೆಂಪೋ ಕೆಡದಿರಲಿ, ಐಸು ಕರಗದಿರಲಿ ಎಂದಷ್ಟೇ ಬೇಡಿದೆ. ನಾಲ್ಕನೇ ದಿನ ಶ್ರೀವಲ್ಲಿ ಹೊರಗೆ ಬಂದು ಕೈ ಚಾಚಿದಳು. "ಕೊಡ್ರಿ. ಒಂದು ಮಿಲಿ ಹಾಕಿ ನೋಡೋಣಂತ ಡಾಕ್ಟ್ರು ಹೇಳ್ಯಾರ."

ಆ ಒಂದು ಮಿಲಿ ಹೊಟ್ಟೆಯಲ್ಲಿ ನಿಂತಿತು.

ಮುಂದೊಂದು ದಿನ ಸಾವಂತ್ರಮ್ಮನಿಗೇ ಜ್ವರ ಬಂತು. ಅವತ್ತು ಟೆಂಪೋದಲ್ಲಿ, ಸೊಸೆಯ ಹತ್ತಿರ ಸಿರುಗುಪ್ಪದಲ್ಲೇ ಉಳಿದಿದ್ದ ಅಕ್ಕನಾಗಮ್ಮ ಹಾಲಿನ ಬುಟ್ಟಿ ಹಿಡಿದು ಕೂತಿದ್ದಳು. ಬಳ್ಳಾರಿ ಮಾರ್ಕೆಟ್ಟಿನಲ್ಲಿ ಇಳಿದು ಬುಟ್ಟಿ ತಲೆಯ ಮೇಲಿಟ್ಟುಕೊಂಡು ನಡೆಯುವಾಗ ಕುರುಗೋಡಿನ ಚಿನ್ನಪ್ಪ ಎದುರಾದ.

"ಏನಬೇ ಅಕ್ಕನಾಗಮ್ಮಾ, ಮೀನ ಮಾರಾಕ ನಿಂತಿಯೇನು? ಲಿಂಗ ಎಲ್ಲಿಟ್ಟು ಬಂದಿ?"

"ಲಿಂಗ ಎದಿ ಮ್ಯಾಲೈತಿ, ಬುಟ್ಟಿ ತಲಿ ಮ್ಯಾಲೈತಿ. ಒಳಗಿರೋದು ನನ್ನ ಮೊಮ್ಮಗಳ ಊಟ. ಹೊರಾಕ ಕೈ ಹಚ್ಚೋದಾದ್ರ ಹಚ್ಚು, ಇಲ್ಲಂದ್ರ ದಾರಿ ಬಿಡು. ಐಸು ಕರಗತೈತಿ."

ಊರಿಗೆ ಹೋಗಿ ಚಿನ್ನಪ್ಪ ಇದನ್ನು ಹತ್ತು ಕಡೆ ಹೇಳಿದ. ಹೇಳಲಿ ಎಂದಳು ಅಕ್ಕನಾಗಮ್ಮ.

ಹಾಲು ಬರತೊಡಗಿದ ಇಪ್ಪತ್ತನಾಲ್ಕನೇ ದಿನಕ್ಕೆ ಜ್ಯೋತಿಯ ಗಾಯ ಮಾಗಿ ಆಕೆಯೇ ಬಳ್ಳಾರಿಗೆ ಬಂದಳು. ಹಾಲು ಬತ್ತಿರಲಿಲ್ಲ. ಚನ್ನಬಸವರಾಜನ ಮಿಷನ್ ಅವನಿಗೇ ಉಳಿದಿತ್ತು. ಇನ್ನೆರಡು ವಾರಕ್ಕೆ, ಒಂದು ಗುರುವಾರ, ಕೂಸನ್ನು ಮನೆಗೆ ಕಳಿಸಿದರು. ಅಕ್ಕನಾಗಮ್ಮ ಅದನ್ನು ಬೇವಿನ ಮರದ ಕೆಳಗೆ ತಂದು ಸಾವಂತ್ರಮ್ಮನ ಮುಂದೆ ಹಿಡಿದಳು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಹಿಂದೆ ಸರಿದಳು.

"ಮೀನಿನ ಕೈ ಯಕ್ಕಾ."

"ಅದಾ ಕೈ ಬೇಕು. ಹಿಡಿ."

ಸಾವಂತ್ರಮ್ಮ ಕೂಸನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡು ಒಮ್ಮೆ ಮೆಲ್ಲಗೆ ಮೇಲೆ ಕೆಳಗೆ ಮಾಡಿದಳು.

"ಒಂದು ಕೇಜಿ ಎಂಟುನೂರ ಐವತ್ತು."

"ಲೇ ಸಾವಂತ್ರಿ, ಮೀನ ತೂಗಿದಂಗ ತೂಗಬ್ಯಾಡ," ಎಂದಳು ಅಕ್ಕನಾಗಮ್ಮ.

ಚನ್ನಬಸವರಾಜ ಆಸ್ಪತ್ರೆಯ ಚೀಟಿ ಬಿಚ್ಚಿ ನೋಡಿದ. "ಒಂದು ಎಂಟುನೂರ ಇಪ್ಪತ್ತು ಅಂತ ಬರ್ದಾರಮ್ಮಾ."

"ಅವರು ಅಂಗಿ ಬಿಚ್ಚಿ ತೂಗ್ಯಾರ," ಎಂದಳು ಸಾವಂತ್ರಮ್ಮ. ತನ್ನ ಮೀನಿನ ಬುಟ್ಟಿಯಲ್ಲಿ ಉಳಿದಿದ್ದ ಒದ್ದೆ ಹೊಟ್ಟನ್ನು ಮರದ ಬುಡಕ್ಕೆ ಸುರಿದು, ಮಾರ್ಕೆಟ್ಟಿಗೆ ಹೊತ್ತಾಯಿತೆಂದು ಎದ್ದಳು.